ಕಟ್ಟಿಕೊಟ್ಟ ಬುತ್ತಿ

“ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು?” ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಈ ಗಾದೆಯನ್ನು ನಾವು ಬುದ್ಧಿಯ ವಿಷಯಕ್ಕೆ ಉದಾಹರಿಸುತ್ತೇವೆಯೇ ಹೊರತು ಬುತ್ತಿಯ ವಿಷಯಕ್ಕೆ ಹಚ್ಚಿ ನೋಡುವುದಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳ ಗಂಭೀರ ಲೇಖನಗಳ ನಡುವೆ ಊಟದ ಡಬ್ಬಿಯ ಮಾತೆತ್ತುವುದು ಕೆಲವರಿಗೆ ನಗೆ ತರಿಸಬಹುದು. ಅದರಲ್ಲಿಯೂ ಗಂಡುಹುಡುಗನೊಬ್ಬ ಅಡಿಗೆಯ ವಿಷಯ ಬರೆದನೆಂದರೆ ಗೆಳೆಯರು ವರ್ಷವಿಡೀ ಕಾಡುವುದು ಖಂಡಿತ. ಆದರೂ ಬರೆಯುತ್ತಿದ್ದೇನೆ. ಮಧ್ಯಾಹ್ನದ ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮೊದಲೇ ನಮ್ಮ ಮನಸ್ಸು ಪಾಠವನ್ನು ಬಿಟ್ಟು ಎಲ್ಲಿಗೆ ಹೋಗಿರುತ್ತದೆ ಎಂಬುದನ್ನು ಅಧ್ಯಾಪಕ ಮಹನೀಯರೂ ಬಲ್ಲರು.

ನಾನು ದಿನವೂ ಏಳು ಗಂಟೆಯ ಬಸ್ಸಿಗೆ ಊರು ಬಿಡುವವನು. ಅದೇ ಬಸ್ಸಿಗೆ ನನ್ನ ತಂಗಿಯೂ ಜೂನಿಯರ್ ಕಾಲೇಜಿಗೆ ಹೊರಡುತ್ತಾಳೆ. ತಂದೆಯವರು ಎಂಟಕ್ಕೆ ಕೆಲಸಕ್ಕೆ ಹೋಗುವರು. ಅಮ್ಮ ಒಂಬತ್ತಕ್ಕೆ ಅಂಗನವಾಡಿಗೆ ಹೋಗುವಳು. ಹೀಗೆ ನಮ್ಮ ಮನೆಯಿಂದ ದಿನಕ್ಕೆ ನಾಲ್ಕು ಡಬ್ಬಿಗಳು ಹೊರಬೀಳುತ್ತವೆ. ಆ ನಾಲ್ಕನ್ನೂ ತುಂಬುವುದಕ್ಕಾಗಿ ಅಮ್ಮ ನಾಲ್ಕೂವರೆಗೆ ಏಳುತ್ತಾಳೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸೂರ್ಯ ಮೂಡುವುದು ಗೊತ್ತಿರುವ ಹಾಗೆ ಗೊತ್ತಿತ್ತು. ಕಳೆದ ಮಳೆಗಾಲದಲ್ಲಿ ಅವಳು ನಾಲ್ಕು ದಿನ ಜ್ವರದಿಂದ ಮಲಗಿದಳು. ನಾಲ್ಕು ಡಬ್ಬಿಗಳೂ ಕಪಾಟಿನಲ್ಲಿ ಬೋರಲು ಬಿದ್ದಿದ್ದವು. ಕೈಕಾಲು ಗಟ್ಟಿಯಿದ್ದ ಮೂರು ಜನ ನಾವು ಹೋಟೆಲಿನಲ್ಲಿ ತಿಂದೆವು; ಮಲಗಿದ್ದವಳಿಗೆ ಗಂಜಿ ಕಾಸಿಕೊಟ್ಟವರು ಪಕ್ಕದ ಮನೆಯವರು! ಆಗ ಮೂಡಿದ ನಾಚಿಕೆಯೇ ಈ ಲೇಖನದ ಮೂಲ. ದುಡಿಯುವ ಸಂಸಾರಗಳು ಬೇರೆ ದೇಶಗಳಲ್ಲಿ ಬುತ್ತಿಯ ತೊಡಕನ್ನು ಹೇಗೆ ಬಿಡಿಸಿಕೊಂಡಿವೆ ಎಂದು ಹುಡುಕುತ್ತ ಹೋದಾಗ ನನಗೆ ಎದುರಾದದ್ದು ಜಪಾನು. ನಾನು ಆ ದೇಶವನ್ನು ಕಂಡವನಲ್ಲ. ಓದಿ ತಿಳಿದದ್ದನ್ನು ಹೇಳುತ್ತಿದ್ದೇನೆ.

ಜಪಾನಿನಲ್ಲಿ ಕಟ್ಟಿಕೊಂಡು ಹೋಗುವ ಊಟಕ್ಕೆ ‘ಬೆಂತೋ’ ಎಂದು ಹೆಸರು. ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ನಮ್ಮ ಪಯಣಿಗರು ಅವಲಕ್ಕಿ ಕಟ್ಟಿಕೊಂಡು ಹೊರಡುತ್ತಿದ್ದಂತೆ ಅಲ್ಲಿಯ ಪಯಣಿಗರೂ ಸೈನಿಕರೂ ಬೇಯಿಸಿ ಒಣಗಿಸಿದ ಅನ್ನವನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಬೇಕಾದಾಗ ನೀರಿನಲ್ಲಿ ನೆನೆಸಿ ಉಣ್ಣುತ್ತಿದ್ದರು. 1603ರಿಂದ 1868ರವರೆಗಿನ ಎದೋ ಯುಗದಲ್ಲಿ ನಾಟಕಶಾಲೆಗೆ ಹೋದವರು ಅಂಕ ಅಂಕಗಳ ನಡುವೆ ಉಣ್ಣುತ್ತಿದ್ದ ಡಬ್ಬಿಗೆ ‘ಮಕುನೊಉಚಿ’ ಎಂಬ ಹೆಸರು ಬಂದು ಇಂದಿಗೂ ಉಳಿದಿದೆ. ರೈಲು ಬಂದಮೇಲೆ ನಿಲ್ದಾಣಗಳಲ್ಲಿ ಬುತ್ತಿ ಮಾರಾಟಕ್ಕೆ ಬಂತು. 1885ರಲ್ಲಿ ಉತ್ಸುನೊಮಿಯಾ ನಿಲ್ದಾಣದಲ್ಲಿ ಎರಡು ಅನ್ನದ ಉಂಡೆ ಮತ್ತು ಮೂಲಂಗಿಯ ಉಪ್ಪಿನಕಾಯಿಯನ್ನು ಬಿದಿರಿನ ಹಾಳೆಯಲ್ಲಿ ಸುತ್ತಿ ಮಾರಿದ್ದೇ ಅದರ ಆರಂಭವೆಂದು ಅಲ್ಲಿ ಪ್ರತೀತಿ. ಬಡತನದ ಬೆಂತೋ ಒಂದುಂಟು: ಬಿಳಿಯ ಅನ್ನದ ನಡುವೆ ಉಮೆಬೋಶಿ ಎಂಬ, ಉಪ್ಪಿನಲ್ಲಿ ಹಾಕಿ ಒಣಗಿಸಿದ ಒಂದು ಕೆಂಪು ಹುಳಿಹಣ್ಣು, ಅಷ್ಟೆ. ನೋಡುವುದಕ್ಕೆ ಆ ದೇಶದ ಬಾವುಟದಂತೆಯೇ ಇರುವುದರಿಂದ ಯುದ್ಧಕಾಲದಲ್ಲಿ, 1939ರಿಂದ, ತಿಂಗಳ ಮೊದಲನೆಯ ದಿನ ಜನ ಇದನ್ನೇ ಉಣ್ಣಬೇಕೆಂಬ ಪ್ರಚಾರವೂ ನಡೆಯಿತು.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಲ್ಲಿ ಶಾಲೆಯಲ್ಲೇ ಊಟ. 1954ರಲ್ಲಿ ಅದಕ್ಕೊಂದು ಕಾನೂನೇ ಆಯಿತು. ಆದರೆ ಪ್ರೌಢಶಾಲೆಯ ಮಕ್ಕಳಿಗೆ, ಅನೇಕ ಶಿಶುವಿಹಾರಗಳ ಎಳೆಯರಿಗೆ, ಕಛೇರಿ ಕಾರ್ಖಾನೆಗಳಿಗೆ ಹೋಗುವವರಿಗೆ ಡಬ್ಬಿ ಬೇಕೇ ಬೇಕು. ಒಂದು ಮನೆಯಲ್ಲಿ ಮೂರು ಡಬ್ಬಿ, ಮೂರರ ಹಸಿವೂ ಬೇರೆ, ರುಚಿಯೂ ಬೇರೆ. ಹಿಂದೆ ಗೃಹಿಣಿ ಮನೆಯಲ್ಲೇ ಇರುತ್ತಿದ್ದಳು. 1990ರ ದಶಕದಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವ ಸಂಸಾರಗಳು ಗಂಡನೊಬ್ಬನೇ ದುಡಿಯುವ ಸಂಸಾರಗಳನ್ನು ಮೀರಿದವು. ಬೆಳಗಿನ ಹೊತ್ತು ಹಿಗ್ಗಲಿಲ್ಲ. ಡಬ್ಬಿಗಳ ಸಂಖ್ಯೆ ಮಾತ್ರ ಒಂದು ಹೆಚ್ಚಿತು.

ಈ ಇಕ್ಕಟ್ಟಿನಲ್ಲಿ ಅವರ ಕೈಹಿಡಿದದ್ದು ‘ತ್ಸುಕುರಿಓಕಿ’, ಎಂದರೆ ‘ಮಾಡಿ ಇಡುವುದು’. ಹೀಗೆ ಮಾಡಿಟ್ಟ ಪಲ್ಯ ವ್ಯಂಜನಗಳಿಗೆ ‘ಜೋಬಿಸೈ’, ಸದಾ ಸಿದ್ಧವಿರುವ ಮೇಲೋಗರವೆಂದು ಹೆಸರು. ವಾರದ ರಜೆಯ ದಿನ ಎರಡು ಮೂರು ಗಂಟೆಯ ಕಾಲ ಒಲೆಯ ಮುಂದೆ ನಿಂತು ವಾರದ ಅರ್ಧ ಭಾರವನ್ನು ಇಳಿಸಿಬಿಡುವುದು ಇದರ ತಿರುಳು. ಗೊಬೊ ಎಂಬ ಉದ್ದನೆಯ ಬೇರನ್ನೂ ಕ್ಯಾರೆಟ್ಟನ್ನೂ ಕಡ್ಡಿಯಂತೆ ಹೆಚ್ಚಿ, ಎಳ್ಳೆಣ್ಣೆಯಲ್ಲಿ ಹುರಿದು, ಸೋಯಾ ಸಾಸ್ ಮತ್ತು ಸಕ್ಕರೆ ಹಾಕಿ ನೀರಿಂಗಿಸಿದರೆ ‘ಕಿನ್‌ಪಿರಾ’ ಆಯಿತು. ಹಿಜಿಕಿ ಎಂಬ ಕಪ್ಪು ಕಡಲಪಾಚಿಯನ್ನು ನೆನೆಸಿ ಸೋಯಾ ಸಾಸಿನಲ್ಲಿ ಬೇಯಿಸಿದರೆ ಇನ್ನೊಂದು. ಸಿಹಿಗುಂಬಳದ ಹೋಳನ್ನು ಸಿಹಿ ಉಪ್ಪಿನ ಸಾರದಲ್ಲಿ ಬೇಯಿಸಿದರೆ ಮತ್ತೊಂದು. ಪಾಲಕ್ ಸೊಪ್ಪನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ಬಿಗಿಯಾಗಿ ಹಿಂಡಿ, ಹುರಿದು ಕುಟ್ಟಿದ ಎಳ್ಳಿನೊಡನೆ ಕಲಸಿದರೆ ನಾಲ್ಕನೆಯದು. ಇವೆಲ್ಲ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ನಿಲ್ಲುತ್ತವೆ. ವಾರದ ಉಳಿದ ದಿನಗಳಿಗೆಂದು ಒಂದು ಪಾಲನ್ನು ಡಬ್ಬಿಗೆ ಹಿಡಿಯುವಷ್ಟು ಪುಟ್ಟ ಬಟ್ಟಲುಗಳಲ್ಲಿ ಹಂಚಿ ಫ್ರೀಜರಿನಲ್ಲಿಡುವರು.

ಇನ್ನೊಂದು ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಬುತ್ತಿಗೆಂದೇ ಬೇರೆ ಅಡಿಗೆ ಮಾಡದೆ, ರಾತ್ರಿಯ ಊಟಕ್ಕೆ ಮಾಡುವಾಗಲೇ ಸ್ವಲ್ಪ ಹೆಚ್ಚು ಮಾಡಿ, ಯಾರೂ ಕೈಯಿಡುವ ಮೊದಲೇ ನಾಳಿನ ಪಾಲನ್ನು ಎತ್ತಿಡುವುದು. ಉಂಡು ಉಳಿದದ್ದು ತಂಗಳು. ಉಣ್ಣುವ ಮೊದಲೇ ಎತ್ತಿಟ್ಟದ್ದು ಯೋಜನೆ. ಕೋಳಿಮಾಂಸ ತಂದ ದಿನವೇ ತುಂಡು ಮಾಡಿ, ಶುಂಠಿ ಮತ್ತು ಸೋಯಾ ಸಾಸ್ ಬೆರೆಸಿ, ಒಂದೊಂದು ದಿನದ ಪಾಲು ಕಟ್ಟಿ ಹಸಿಯಾಗಿಯೇ ಫ್ರೀಜರಿಗೆ ಹಾಕುವವರುಂಟು. ಕರಗುವಷ್ಟರಲ್ಲಿ ಮಸಾಲೆ ಹಿಡಿದಿರುತ್ತದೆ. ಅನ್ನವನ್ನಂತೂ ಬಿಸಿಯಿರುವಾಗಲೇ ಒಬ್ಬೊಬ್ಬರ ಪಾಲು ಸುತ್ತಿ, ಆರಿದೊಡನೆ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಮೈಕ್ರೋವೇವ್ ಒಲೆಯಲ್ಲಿ ಬಿಸಿ ಮಾಡುವರು. ಬರಿಯ ಫ್ರಿಜ್ಜಿನಲ್ಲಿಟ್ಟ ಅನ್ನ ಬಿರುಸಾಗುತ್ತದೆ. ಫ್ರೀಜರಿನಲ್ಲಿಟ್ಟದ್ದು ಮತ್ತೆ ಮೆತ್ತಗಾಗುತ್ತದೆ. ಅವರ ಅಕ್ಕಿ ಗಿಡ್ಡ ಕಾಳಿನ, ಅಂಟುಗುಣದ ಜಾತಿ. ಆದ್ದರಿಂದ ತಣ್ಣಗಾದರೂ ಅದು ನಮ್ಮ ಉದ್ದ ಕಾಳಿನ ಅನ್ನದಂತೆ ಬಿಡಿಬಿಡಿಯಾಗಿ ಗಟ್ಟಿಯಾಗುವುದಿಲ್ಲ. ಬೆಂತೋ ತಣ್ಣಗೆ ಉಣ್ಣುವ ಊಟವಾಗಿ ಬೆಳೆದುದಕ್ಕೆ ಆ ಅಕ್ಕಿಯೂ ಒಂದು ಕಾರಣ.

ಇಷ್ಟಾದಮೇಲೆ ಬೆಳಗ್ಗೆ ಉಳಿಯುವುದೇನು? ಅಡಿಗೆಯಲ್ಲ, ಜೋಡಣೆ. ಚೌಕನೆಯ ಬಾಣಲೆಯಲ್ಲಿ ಮೊಟ್ಟೆಯನ್ನು ಪದರ ಪದರವಾಗಿ ಸುರುಳಿ ಸುತ್ತಿ ‘ತಮಾಗೊಯಾಕಿ’ ಮಾಡುವುದೊಂದೇ ಹೊಸ ಕೆಲಸ. ಉಳಿದದ್ದು ಬಿಸಿ ಮಾಡಿ, ಆರಿಸಿ, ತುಂಬುವುದು. ಹದಿನೈದು ಇಪ್ಪತ್ತು ನಿಮಿಷ ಸಾಕು. ತುಂಬುವುದಕ್ಕೂ ಲೆಕ್ಕವುಂಟು. ಡಬ್ಬಿಯ ಆರು ಪಾಲಿನಲ್ಲಿ ಮೂರು ಪಾಲು ಅನ್ನ, ಎರಡು ಪಾಲು ತರಕಾರಿ, ಒಂದು ಪಾಲು ಮೀನು, ಮಾಂಸ, ಮೊಟ್ಟೆ ಅಥವಾ ತೋಫು. ಹೀಗೆ ತುಂಬಿದ 600 ಮಿಲಿಲೀಟರ್ ಹಿಡಿಯುವ ಡಬ್ಬಿಯಿಂದ ಸುಮಾರು 600 ಕ್ಯಾಲೊರಿ ದೊರೆಯುವುದೆಂದು ಅಲ್ಲಿಯ ಗೃಹಿಣಿಯರ ಅಂದಾಜು. ಕೆಂಪು, ಹಳದಿ, ಹಸಿರು, ಬಿಳಿ, ಕಪ್ಪು ಎಂಬ ಐದು ಬಣ್ಣಗಳೂ ಡಬ್ಬಿಯಲ್ಲಿದ್ದರೆ ಊಟ ಸಮತೂಕವಾದಂತೆ ಎಂಬುದು ಇನ್ನೊಂದು ಸೂತ್ರ. ಪೋಷಣಶಾಸ್ತ್ರದ ಪುಸ್ತಕವನ್ನು ಓದದವರಿಗೂ ಕಣ್ಣಳತೆಯಲ್ಲೇ ತಿಳಿಯುವಂಥ ಈ ಸೂತ್ರಗಳನ್ನು ಕಂಡಾಗ ಯಾರಿಗೂ ಮೆಚ್ಚಿಗೆಯಾಗದಿರದು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. “ಮೂರು ದಿನದ ಹಿಂದೆ ಮಾಡಿದ ಪಲ್ಯವೇ? ಬಿಸಿಬಿಸಿ ಉಣ್ಣುವ ನಮಗೆ ಇದೆಂಥ ಬುದ್ಧಿ!” ಎಂದು ಮೂಗು ಮುರಿಯುವವರು ಇದ್ದಾರೆ. ಅವರ ಅಂಜಿಕೆ ನಿರಾಧಾರವಲ್ಲ. ಅನ್ನದಲ್ಲಿರುವ ಕೆಲವು ಸೂಕ್ಷ್ಮಜೀವಿಗಳ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ಬೆಳೆದು ವಿಷವನ್ನು ಹುಟ್ಟಿಸುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಆದುದರಿಂದಲೇ ಜಪಾನೀಯರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಾಡಿದ್ದನ್ನು ಬೇಗ ಆರಿಸಿ ಬೇಗ ತಂಪಿಗಿಡಬೇಕು. ತೆಗೆಯುವಾಗ ಒಣಗಿದ ಶುಚಿಯಾದ ಚಮಚವೇ ಬೇಕು. ಬೆಳಗ್ಗೆ ಒಳಗಿನವರೆಗೂ ಬಿಸಿ ಮಾಡಬೇಕು. ಮತ್ತೆ ಪೂರ್ತಿ ಆರಿದಮೇಲೆಯೇ ಮುಚ್ಚಳ ಹಾಕಬೇಕು. ಇಲ್ಲದಿದ್ದರೆ ಹಬೆ ನೀರಾಗಿ ಇಳಿದು ಊಟ ಹಳಸುತ್ತದೆ. ಬುತ್ತಿಯಲ್ಲಿ ಸಾರು ರಸ ಕೂಡದು. ಜೂನ್ ಜುಲೈ ತಿಂಗಳ ಅವರ ಮಳೆಗಾಲದಲ್ಲಿ ಈ ಎಚ್ಚರಿಕೆಗಳು ಇಮ್ಮಡಿಯಾಗುತ್ತವೆ. ಮಾಡಿಡುವುದು ಸೋಮಾರಿಗಳ ಹಾದಿಯಲ್ಲ, ಶಿಸ್ತಿನವರ ಹಾದಿ.

ಎರಡನೆಯ ಆಕ್ಷೇಪಣೆ ಇನ್ನೂ ಆಳವಾದದ್ದು. ಡಬ್ಬಿಯೆಂದರೆ ತಾಯಿಯ ಪ್ರೀತಿ. ಪ್ರೀತಿಯನ್ನು ಭಾನುವಾರವೇ ಮಾಡಿ ಫ್ರಿಜ್ಜಿನಲ್ಲಿಡಬಹುದೇ, ಎಂಬುದು. ಈ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಒಂದು ಊಟದ ಡಬ್ಬಿಯಿದೆ. 1945ರ ಆಗಸ್ಟ್ 6ರ ಬೆಳಗ್ಗೆ ಒಬ್ಬ ಶಾಲಾಬಾಲಕ ಅದನ್ನು ತೆಗೆದುಕೊಂಡು ಮನೆಯಿಂದ ಹೊರಟಿದ್ದ. ಅಣುಬಾಂಬಿಗೆ ಅವನೂ ಬಲಿಯಾದ. ಅವನ ದೇಹದೊಡನೆ ಸಿಕ್ಕಿದ ಡಬ್ಬಿಯಲ್ಲಿ ಉಣ್ಣದ ಊಟ ಇದ್ದಲಿನಂತೆ ಕರಿದಾಗಿತ್ತು. ಆ ಡಬ್ಬಿಯ ಚಿತ್ರವನ್ನು ನೋಡಿದವರಾರೂ ಬುತ್ತಿ ಬರಿಯ ಕ್ಯಾಲೊರಿಗಳ ಲೆಕ್ಕವೆಂದು ಹೇಳಲಾರರು. ಕಟ್ಟಿದ ಕೈಯ ನೆನಪು ಅದರೊಳಗೆ ಇದ್ದೇ ಇರುತ್ತದೆ.

ಆದರೆ ಪ್ರೀತಿಯ ಹೆಸರಿನಲ್ಲಿ ಎಷ್ಟು ದುಡಿಮೆಯನ್ನು ಹೊರಿಸಬಹುದು ಎಂಬ ಪ್ರಶ್ನೆಯನ್ನು ಕೇಳಬೇಕಾಗಿದೆ. ಆನ್ ಆಲಿಸನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ತನ್ನ ಮಗನನ್ನು ಜಪಾನಿನ ಶಿಶುವಿಹಾರಕ್ಕೆ ಸೇರಿಸಿದ್ದಳು. ಅಲ್ಲಿ ಕಂಡದ್ದನ್ನು ಆಕೆ 1991ರಲ್ಲಿ ಒಂದು ಪ್ರಬಂಧವಾಗಿ ಪ್ರಕಟಿಸಿದಳು. ಅಂದವಾಗಿ ಜೋಡಿಸಿದ ಡಬ್ಬಿಯನ್ನು ಕೊನೆಯ ಅಗುಳಿನವರೆಗೂ ಹೊತ್ತಿಗೆ ಸರಿಯಾಗಿ ಮುಗಿಸುವುದು ಮಗುವಿಗೆ ಪರೀಕ್ಷೆ. ಹಾಗೆ ಮುಗಿಯುವಂಥ ಡಬ್ಬಿಯನ್ನು ಕಟ್ಟುವುದು ತಾಯಿಗೆ ಪರೀಕ್ಷೆ. ಡಬ್ಬಿ ತೆರೆದಾಗ ಶಾಲೆಯೂ ಸಮಾಜವೂ ತಾಯಿಗೆ ಅಂಕ ಹಾಕುತ್ತವೆ ಎಂಬುದು ಆಕೆಯ ವಾದದ ಸಾರ. ಮುಂದೆ ಅನ್ನದಲ್ಲಿ ಕರಡಿ, ಬೆಕ್ಕು, ಕಥಾಪಾತ್ರಗಳ ಮುಖಗಳನ್ನು ಮೂಡಿಸುವ ‘ಕ್ಯಾರಾಬೆನ್’ ಎಂಬ ಅಲಂಕಾರ ಬಂದಮೇಲೆ ಈ ಪರೀಕ್ಷೆ ಇನ್ನೂ ಕಠಿಣವಾಯಿತು. ಜಪಾನ್ ಸರ್ಕಾರ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಹೆಂಡತಿ ಮನೆವಾರ್ತೆಗೂ ಮಕ್ಕಳ ಪಾಲನೆಗೂ ದಿನಕ್ಕೆ 7 ಗಂಟೆ 28 ನಿಮಿಷ ಕೊಡುತ್ತಿದ್ದರೆ ಗಂಡ ಕೊಡುತ್ತಿದ್ದದ್ದು 1 ಗಂಟೆ 54 ನಿಮಿಷ.

ಈ ಅಂಕೆಗಳನ್ನು ನೋಡಿದಮೇಲೆ ನನ್ನ ಉತ್ಸಾಹ ಸ್ವಲ್ಪ ಇಳಿಯಿತೆಂದು ಒಪ್ಪಿಕೊಳ್ಳುತ್ತೇನೆ. ಮಾಡಿಡುವ ಪದ್ಧತಿ ಕೆಲಸವನ್ನು ಬುಧವಾರದ ಬೆಳಗಿನಿಂದ ಭಾನುವಾರದ ಮಧ್ಯಾಹ್ನಕ್ಕೆ ಸಾಗಿಸುತ್ತದೆ, ನಿಜ. ಆದರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸಾಗಿಸುತ್ತದೆಯೇ? ನಸುಕಿನಲ್ಲಿ ಏಳುತ್ತಿದ್ದವಳಿಗೆ ನಿದ್ದೆಯನ್ನು ಕೊಟ್ಟು, ಅವಳ ರಜೆಯನ್ನು ಕಿತ್ತುಕೊಂಡರೆ ಬಂದ ಲಾಭವೇನು? ಭಾನುವಾರದ ಒಲೆಯ ಮುಂದೆಯೂ ಅವಳೊಬ್ಬಳೇ ನಿಂತಿದ್ದರೆ ನಾವು ಕಂಡುಹಿಡಿದದ್ದು ಹೊಸ ಪದ್ಧತಿಯಲ್ಲ, ಹಳೆಯ ಪದ್ಧತಿಗೆ ಹೊಸ ವೇಳಾಪಟ್ಟಿ. ನನ್ನ ಅಭಿಪ್ರಾಯದಲ್ಲಿ ಮಾಡಿಡುವ ಪದ್ಧತಿಯ ನಿಜವಾದ ಬೆಲೆ ಇರುವುದು ಉಳಿಯುವ ಸಮಯದಲ್ಲಿ ಮಾತ್ರವಲ್ಲ. ಕೆಲಸವನ್ನು ಅದು ತುಂಡು ತುಂಡಾಗಿ ಬಿಡಿಸಿ, ಎಲ್ಲರ ಕಣ್ಣಿಗೂ ಕಾಣುವಂತೆ ಮುಂದಿಡುತ್ತದೆ. ಬೆಳಗಿನ ಐದು ಗಂಟೆಯ ಗಡಿಬಿಡಿಯಲ್ಲಿ ಕಲಿಯುವವನಿಗೆ ಒಲೆಯ ಹತ್ತಿರ ಜಾಗವಿಲ್ಲ. ನಡುವೆ ಬಂದರೆ ಬೈಗುಳವೇ ಗತಿ. ಭಾನುವಾರದ ಬಿಡುವಿನಲ್ಲಿ ಒಬ್ಬ ಸೊಪ್ಪು ಬಿಡಿಸಬಹುದು, ಒಬ್ಬ ಹೆಚ್ಚಬಹುದು, ಒಬ್ಬ ಡಬ್ಬಿಗೆ ಹಂಚಿ ಚೀಟಿ ಅಂಟಿಸಬಹುದು. ಬರಿಯ ಜೋಡಣೆಯೇ ಉಳಿದ ಬೆಳಗಿನಲ್ಲಿ ತನ್ನ ಡಬ್ಬಿಯನ್ನು ತಾನೇ ತುಂಬಿಕೊಳ್ಳಲು ಹತ್ತು ವರ್ಷದ ಮಗುವಿಗೂ ಸಾಧ್ಯ.

ಸಾಧ್ಯವೆಂಬುದನ್ನು ಜಪಾನಿನಲ್ಲೇ ಒಬ್ಬ ಮುಖ್ಯೋಪಾಧ್ಯಾಯರು ತೋರಿಸಿಕೊಟ್ಟರು. ಕಗಾವಾ ಪ್ರಾಂತದ ತಕಿನೊಮಿಯಾ ಪ್ರಾಥಮಿಕ ಶಾಲೆಯ ತಕೆಶಿತಾ ಕಜುಓ ಅವರು 2001ರಲ್ಲಿ ‘ಬೆಂತೋ ದಿನ’ ಎಂಬುದನ್ನು ಆರಂಭಿಸಿದರು. ಐದನೆಯ ಮತ್ತು ಆರನೆಯ ತರಗತಿಯ ಮಕ್ಕಳಿಗೆ ಮೊದಲು ಗೃಹವಿಜ್ಞಾನದ ಪಾಠದಲ್ಲಿ ಅಡಿಗೆಯ ಮೂಲಪಾಠಗಳನ್ನು ಕಲಿಸಲಾಯಿತು. ಆಮೇಲೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ತಿಂಗಳಿಗೊಂದು ದಿನ, ಹೀಗೆ ವರ್ಷಕ್ಕೆ ಐದು ದಿನ, ಶಾಲೆಯ ಊಟದ ಬದಲು ತಾವೇ ಮಾಡಿದ ಬುತ್ತಿಯನ್ನು ತರಬೇಕು. ಏನು ಮಾಡುವುದೆಂದು ಗೊತ್ತುಮಾಡುವುದು, ಸಾಮಾನು ಕೊಳ್ಳುವುದು, ಬೇಯಿಸುವುದು, ತುಂಬುವುದು, ಕಡೆಗೆ ಪಾತ್ರೆ ತೊಳೆಯುವುದು, ಎಲ್ಲವೂ ಮಕ್ಕಳದೇ. ತಂದೆತಾಯಿಗಳು ಕೈಹಾಕಬಾರದೆಂಬುದೇ ಮುಖ್ಯ ನಿಯಮ. ಚಾಕು, ಬೆಂಕಿಗಳ ಭಯದಿಂದ ಹಿರಿಯರು ಹಿಂಜರಿದಾಗ ಹೊಣೆ ತಮ್ಮದೆಂದರು ಮುಖ್ಯೋಪಾಧ್ಯಾಯರು. ಆ ದಿನ ಬಳಿಕ ಜಪಾನಿನ ಅನೇಕ ಶಾಲೆಗಳಿಗೆ ಹಬ್ಬಿತು. ಹುಡುಗ ಹುಡುಗಿ ಎಂಬ ಭೇದ ಅದರಲ್ಲಿಲ್ಲ. ಅಲ್ಲಿಯ ಮಾಧ್ಯಮಿಕ ಶಾಲೆಗಳಲ್ಲಿ 1993ರಿಂದಲೂ ಪ್ರೌಢಶಾಲೆಗಳಲ್ಲಿ 1994ರಿಂದಲೂ ಗಂಡುಮಕ್ಕಳಿಗೂ ಗೃಹವಿಜ್ಞಾನ ಕಡ್ಡಾಯವಾಗಿದೆ.

ಇದನ್ನೋದಿದ ಹುರುಪಿನಲ್ಲಿ ನಾನೂ ಒಂದು ಭಾನುವಾರ ಸಂಜೆ ಅಡಿಗೆಮನೆ ಹೊಕ್ಕೆ. ಆಲೂಗೆಡ್ಡೆಯ ಪಲ್ಯ ಮಾಡಿ ಎತ್ತಿಟ್ಟು, ಬೆಳಗ್ಗೆ ಬಿಸಿ ಮಾಡಿ, ಬಸ್ಸಿನ ಆತುರದಲ್ಲಿ ಹಬೆಯಾಡುತ್ತಿದ್ದ ಅನ್ನದ ಮೇಲೆ ಹಾಕಿ ಮುಚ್ಚಳ ಒತ್ತಿದೆ. ಮಧ್ಯಾಹ್ನ ಡಬ್ಬಿ ತೆರೆದಾಗ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಬಂದ ವಾಸನೆಯನ್ನು ಕುರಿತು ಪಕ್ಕದಲ್ಲಿ ಕುಳಿತಿದ್ದ ಗೆಳೆಯ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಸಂಜೆ ಅಮ್ಮ ಎಲ್ಲವನ್ನೂ ಕೇಳಿ, “ತಟ್ಟೆಗೆ ಹರವಿ ಆರಿಸಬೇಕು ಕಣೋ. ನಾನು ಐದೂವರೆಗೇ ಅನ್ನ ಬಸಿಯೋದು ಯಾತಕ್ಕೆ ಅಂದ್ಕೊಂಡಿದ್ದೆ?” ಎಂದಳು. ಹಬೆಯ ಶಾಸ್ತ್ರವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವಳು ಅದನ್ನು ಇಪ್ಪತ್ತು ವರ್ಷ ದಿನವೂ ನಡೆಸುತ್ತ ಬಂದಿದ್ದಳು. ನಾನು ಒಂದು ದಿನವೂ ಎದ್ದು ನೋಡಿರಲಿಲ್ಲ.

ಹಾಗೆ ನೋಡಿದರೆ ಮಾಡಿಡುವ ವಿದ್ಯೆ ನಮಗೆ ಹೊಸದೇನಲ್ಲ. ಚಟ್ನಿಪುಡಿ, ಹುಳಿಯನ್ನದ ಗೊಜ್ಜು, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿಗಳೇ ನಮ್ಮ ಜೋಬಿಸೈ. ಉತ್ತರ ಕರ್ನಾಟಕದ ಖಡಕ್ ರೊಟ್ಟಿಯಂತೂ ಫ್ರಿಜ್ಜಿನ ಹಂಗಿಲ್ಲದೆ ವಾರಗಟ್ಟಲೆ ನಿಲ್ಲುತ್ತದೆ. ಜಪಾನಿನಿಂದ ನಾವು ಹೊಸ ರುಚಿಯನ್ನು ತರಬೇಕಾಗಿಲ್ಲ. ಸೋಯಾ ಸಾಸೂ ಕಡಲಪಾಚಿಯೂ ಅಲ್ಲಿಯೇ ಇರಲಿ. ಅನ್ನದಲ್ಲಿ ಕರಡಿಯ ಮುಖ ಬರೆಯುವ ಚಪಲವಂತೂ ಬೇಡವೇ ಬೇಡ. ತರಬೇಕಾದದ್ದು ಎರಡು: ವಾರದ ಊಟವನ್ನು ಮುಂದಾಗಿ ಯೋಚಿಸುವ ಶಿಸ್ತು ಒಂದು, ಉಣ್ಣುವವನೇ ಕಟ್ಟಿಕೊಳ್ಳಬೇಕೆಂಬ ತಕಿನೊಮಿಯಾದ ನಿಯಮ ಇನ್ನೊಂದು. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಮನೆಯಾಕೆಯ ದಣಿವು ದಿನ ಬದಲಾಯಿಸುತ್ತದೆ, ಅಷ್ಟೆ.

ಆದುದರಿಂದ ನಮ್ಮ ವಿದ್ಯಾರ್ಥಿ ಸಂಘದ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ಬರುವ ವರ್ಷ ತಿಂಗಳಿಗೊಂದು ದಿನವನ್ನು ನಾವೂ ಗೊತ್ತುಮಾಡೋಣ. ಅಂದು ಪ್ರತಿಯೊಬ್ಬರೂ ತಾವೇ ಮಾಡಿ ತಾವೇ ಕಟ್ಟಿದ ಬುತ್ತಿಯನ್ನು ತರಲಿ. ಹಾಸ್ಟೆಲಿನ ಗೆಳೆಯರು ಅಂದು ಭಟ್ಟರ ಅನುಮತಿ ಪಡೆದು ಒಲೆಯ ಮುಂದೆ ನಿಲ್ಲಲಿ. ಅಧ್ಯಾಪಕ ಮಹನೀಯರೂ ಭಾಗವಹಿಸುವುದಾದರೆ ಅವರ ಮನೆಯವರಿಂದ ನಮಗೆ ಆಶೀರ್ವಾದ ದೊರೆಯುವುದರಲ್ಲಿ ಸಂದೇಹವಿಲ್ಲ. ಉಪ್ಪು ಹೆಚ್ಚಾಗಲಿ, ಚಪಾತಿ ಆಫ್ರಿಕಾದ ಭೂಪಟವಾಗಲಿ, ಚಿಂತೆಯಿಲ್ಲ. ನನ್ನದಕ್ಕಿಂತ ಕೆಟ್ಟ ಡಬ್ಬಿ ಬರಲಾರದೆಂದು ಧೈರ್ಯ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಈಗ ಭಾನುವಾರ ಸಂಜೆ ನಾನೂ ತಂಗಿಯೂ ಹೆಚ್ಚುತ್ತೇವೆ, ತಂದೆಯವರು ಕಾಯಿ ತುರಿಯುತ್ತಾರೆ. ಬೆಳಗ್ಗೆ ನನ್ನ ಡಬ್ಬಿಯನ್ನು ನಾನೇ ತುಂಬಿಕೊಳ್ಳುತ್ತೇನೆ. ಅಮ್ಮ ಏಳುವುದು ಈಗ ಐದೂವರೆಗೆ. ಒಂದು ಗಂಟೆಯ ನಿದ್ದೆ ದೊಡ್ಡ ಸಂಗತಿಯೇ ಎಂದು ಯಾರಾದರೂ ಕೇಳಿದರೆ, ನಾಳೆ ನಾಲ್ಕೂವರೆಗೆ ಎದ್ದು ನೋಡಿ ಎಂದಷ್ಟೇ ಹೇಳಬಲ್ಲೆ.